ಪ್ರಶ್ನೋತ್ತರ: ಫಾರ್ಟಿನೈನರ್ಸ್ ಗೆಲ್ಲುತ್ತಿದ್ದ ಕಾಲ

ಅಮೆರಿಕನ್ ಫುಟ್‌ಬಾಲಿನ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ತಂಡದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ನಾವು ಕೊಟ್ಟಿದ್ದ ಪುಟ್ಟ ಉತ್ತರವೊಂದಕ್ಕೆ ಇಷ್ಟು ಪತ್ರಗಳು ಬರಬಹುದೆಂದು ನಿರೀಕ್ಷಿಸಿರಲಿಲ್ಲ. ಬರೆದವರಲ್ಲಿ ಹೆಚ್ಚಿನವರು 1980ರ ದಶಕದಲ್ಲಿ ಓದಿಗೋ ಕೆಲಸಕ್ಕೋ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದು, ಈಗ ಬೆಂಗಳೂರಿಗೆ ಮರಳಿ ನೆಲೆಸಿರುವವರು. ಉಳಿದವರು ಅವರ ಮನೆಯವರು. ಆ ತಂಡ 1981, 1984, 1988, 1989 ಮತ್ತು 1994ರ ಋತುಗಳಲ್ಲಿ, ಅಂದರೆ ಹದಿನಾಲ್ಕು ಋತುಗಳ ಅವಧಿಯಲ್ಲಿ ಐದು ಸಲ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿತು. ಅಲ್ಲಿನ ಋತು ವರ್ಷದ ಕೊನೆಗೆ ಮುಗಿಯುವುದರಿಂದ ಅಂತಿಮ ಪಂದ್ಯ ನಡೆಯುತ್ತಿದ್ದುದು ಮುಂದಿನ ವರ್ಷದ ಜನವರಿಯಲ್ಲಿ. ಕೆಳಗಿನ ಉತ್ತರಗಳಲ್ಲಿ ಇಸವಿಗಳು ಒಂದು ವರ್ಷ ಹಿಂದು-ಮುಂದಾದಂತೆ ಕಂಡರೆ ಕಾರಣ ಅದೇ.

ಪ್ರಶ್ನೆ: ಲಾಲ್‌ಬಾಗಿಗೆ ಬೆಳಗಿನ ನಡಿಗೆಗೆ ಬರುವ ನಮ್ಮ ಗುಂಪಿನಲ್ಲಿ ಆಗ ಡಲ್ಲಾಸ್‌ನಲ್ಲಿದ್ದ ಸ್ನೇಹಿತರೊಬ್ಬರಿದ್ದಾರೆ, ನಾನು ಸಾಂಟಾ ಕ್ಲಾರಾದಲ್ಲಿದ್ದೆ. 1982ರ ಜನವರಿ 10ರಂದು ಡಲ್ಲಾಸ್ ವಿರುದ್ಧದ ಪಂದ್ಯದಲ್ಲಿ ಫಾರ್ಟಿನೈನರ್ಸ್ ತಂಡದ ಜೋ ಮಾಂಟಾನಾ ಡ್ವೈಟ್ ಕ್ಲಾರ್ಕ್‌ಗೆ ಎಸೆದ ಆ ಕೊನೆಯ ಚೆಂಡು ಹೊರಗೆ ಹೋಗಲೆಂದೇ ಎಸೆದದ್ದು, ಅದೃಷ್ಟದಿಂದ ಕೈಗೆ ಸಿಕ್ಕಿತು ಎಂದು ಅವರು ಇಂದಿಗೂ ವಾದಿಸುತ್ತಾರೆ. ನೀವೇ ತೀರ್ಪು ಕೊಡಿ.
— ನಿವೃತ್ತ ಎಂಜಿನಿಯರ್, ಜಯನಗರ

ಉತ್ತರ: ತೀರ್ಪು ನಿಮ್ಮ ಪರವಾಗಿದೆ, ಆದರೆ ಬಹುಶಃ ನೀವು ಬಯಸುವ ಕಾರಣಕ್ಕಲ್ಲ. ಆ ಆಟದ ವಿನ್ಯಾಸ ಅಂದಿನ ಮಟ್ಟಿಗೆ ಹೊಸದೇನೂ ಅಲ್ಲ. ಅದೇ ಪಂದ್ಯದ ಮೊದಲ ಭಾಗದಲ್ಲಿ ಅದೇ ಆಟದಿಂದ ಫ್ರೆಡಿ ಸಾಲಮನ್, ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ ಆರು ಅಂಕ ತರುವ, ಒಂದು ಟಚ್‌ಡೌನ್ ಗಳಿಸಿದ್ದರು. ಕೊನೆಯಲ್ಲಿಯೂ ಮಾಂಟಾನಾ ಮೊದಲು ಹುಡುಕಿದ್ದು ಸಾಲಮನ್ ಅವರನ್ನೇ. ಅವರು ಕಾಲು ಜಾರಿ ತಡವಾದಾಗ, ಬಲಗಡೆಯ ಗೆರೆಯತ್ತ ಓಡುತ್ತಿದ್ದ ಮಾಂಟಾನಾ ಎದುರು ಆರು ಅಡಿ ಒಂಬತ್ತು ಅಂಗುಲದ ಎಡ್ ಜೋನ್ಸ್ ಸೇರಿ ಮೂವರು ನುಗ್ಗಿ ಬಂದರು. ಎಸೆಯುವಂತೆ ಒಮ್ಮೆ ಕೈ ಆಡಿಸಿ ಜೋನ್ಸ್ ಅವರನ್ನು ಏಮಾರಿಸಿ, ಮೈದಾನದ ತುದಿಯಲ್ಲಿರುವ ಎಂಡ್ ಝೋನಿನ ಹಿಂಬದಿಯ ಗೆರೆಯ ಉದ್ದಕ್ಕೂ ಓಡುತ್ತಿದ್ದ ಕ್ಲಾರ್ಕ್ ಕಡೆಗೆ ಮಾಂಟಾನಾ ಚೆಂಡನ್ನು ಎತ್ತರಕ್ಕೆ ಎಸೆದರು. ಅದು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು, ಇನ್ನೊಂದು ಬಾಕಿಯಿತ್ತು. ಹಾಗಾಗಿ ಕ್ಲಾರ್ಕ್‌ಗೆ ಸಿಗಬೇಕು, ಇಲ್ಲವೇ ಯಾರಿಗೂ ಸಿಗಬಾರದು ಎಂಬಷ್ಟು ಎತ್ತರಕ್ಕೆ ಎಸೆಯುವುದೇ ಜಾಣತನವಾಗಿತ್ತು. ಪಕ್ಕದಲ್ಲೇ ಡಲ್ಲಾಸ್ ತಂಡದ ಎವರ್ಸನ್ ವಾಲ್ಸ್ ಕಾವಲಿದ್ದರೂ ಕ್ಲಾರ್ಕ್ ಬೆರಳ ತುದಿಯಲ್ಲಿ ಚೆಂಡನ್ನು ಹಿಡಿದು ನೆಲಕ್ಕಿಳಿದಾಗ ಗಡಿಯಾರದಲ್ಲಿ 51 ಸೆಕೆಂಡು ಉಳಿದಿತ್ತು. ಹೆಚ್ಚುವರಿ ಅಂಕವೂ ಸೇರಿ ಲೆಕ್ಕ 28-27 ಆಯಿತು.

ಆದರೆ ನಿಮ್ಮಿಬ್ಬರ ವಾದದಲ್ಲಿ ಬಿಟ್ಟುಹೋಗುತ್ತಿರುವ ಸಂಗತಿಯೊಂದಿದೆ. ಆ ಎಸೆತ ಕೇವಲ 6 ಗಜದ್ದು. ಅದಕ್ಕೆ ಮುಂಚೆ ತಂಡ ತನ್ನದೇ 11ನೆಯ ಗಜದ ಗೆರೆಯಿಂದ, 4 ನಿಮಿಷ 54 ಸೆಕೆಂಡು ಬಾಕಿಯಿರುವಾಗ ಹೊರಟು, ಮೈದಾನದ ಬಹುಭಾಗವನ್ನು ದಾಟಿ ಬಂದಿತ್ತು. ಸಮಯ ಕಡಿಮೆಯಿರುವಾಗ ಯಾರೇ ಆಗಲಿ ಚೆಂಡನ್ನು ಎಸೆದೇ ಆಡುತ್ತಾರೆಂದು ಎಣಿಸಿ ಡಲ್ಲಾಸ್ ತಂಡ ಎಸೆತ ತಡೆಯುವ ಆಟಗಾರರನ್ನು ಹೆಚ್ಚಾಗಿ ನಿಲ್ಲಿಸಿತ್ತು. ಕೋಚ್ ಬಿಲ್ ವಾಲ್ಷ್ ಅದನ್ನು ಗಮನಿಸಿ ಲೆನ್ವಿಲ್ ಎಲಿಯಟ್ ಎಂಬ, ಅಷ್ಟೇನೂ ಹೆಸರಿಲ್ಲದ ಹಿರಿಯ ಆಟಗಾರನ ಕೈಗೆ ಚೆಂಡು ಕೊಟ್ಟು ಪದೇ ಪದೇ ಓಡಿಸಿದರು. ನಡುವೆ ಒಮ್ಮೆ ಸಾಲಮನ್ ಅವರನ್ನು ವಿರುದ್ಧ ದಿಕ್ಕಿನಿಂದ ಓಡಿಸಿ 14 ಗಜ ಗಳಿಸಿದರು. ಎಲಿಯಟ್ ಅವರ ಹೆಸರನ್ನು ನೀವೂ ಬರೆದಿಲ್ಲ, ನಿಮ್ಮ ಸ್ನೇಹಿತರೂ ಹೇಳಿರಲಾರರು. ಹಾಗೆಯೇ, ಕ್ಲಾರ್ಕ್ ಹಿಡಿದ ಮೇಲೆ ಪಂದ್ಯ ಮುಗಿದಿರಲಿಲ್ಲ. ಡಲ್ಲಾಸ್‌ನ ಡ್ರೂ ಪಿಯರ್ಸನ್ ಮರುಕ್ಷಣವೇ ಚೆಂಡು ಹಿಡಿದು ನುಗ್ಗಿದಾಗ, ಅದೇ ಋತುವಿನಲ್ಲಿ ಫಾರ್ಟಿನೈನರ್ಸ್ ಸೇರಿದ್ದ ಎರಿಕ್ ರೈಟ್ ಹಿಂದಿನಿಂದ ಪಿಯರ್ಸನ್ ಅವರ ಅಂಗಿ ಹಿಡಿದು ಎಳೆದು ಕೆಡವಿದರು. ಆ ಒಂದು ಹಿಡಿತ ತಪ್ಪಿದ್ದರೆ ಕ್ಲಾರ್ಕ್ ಅವರ ಚಿತ್ರ ಇಂದು ಯಾರ ಮನೆಯ ಗೋಡೆಯ ಮೇಲೂ ಇರುತ್ತಿರಲಿಲ್ಲ.

ಪ್ರಶ್ನೆ: ನಮ್ಮ ಸೋದರಮಾವ ಮನೆಗೆ ಬಂದಾಗಲೆಲ್ಲ ಬಿಲ್ ವಾಲ್ಷ್ ಅವರ "ವೆಸ್ಟ್ ಕೋಸ್ಟ್" ಪದ್ಧತಿಯನ್ನು ಹೊಗಳುತ್ತಾರೆ. ಆಟದ ನಿಯಮವನ್ನೇ ಅರಿಯದ ನನ್ನಂಥವರಿಗೂ ಅದು ತಿಳಿಯುವಂತೆ ವಿವರಿಸಬಹುದೇ?
— ಪದವಿ ವಿದ್ಯಾರ್ಥಿನಿ, ಮಲ್ಲೇಶ್ವರಂ

ಉತ್ತರ: ನಿಯಮದಲ್ಲಿ ನೀವು ತಿಳಿಯಲೇಬೇಕಾದದ್ದು ಒಂದೇ. ಚೆಂಡು ಕೈಯಲ್ಲಿರುವ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಅವಕಾಶಗಳು ಸಿಗುತ್ತವೆ. ಸಾಗಿದರೆ ಮತ್ತೆ ನಾಲ್ಕು, ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಚೆಂಡನ್ನು ಹಿಡಿದು ಓಡಬಹುದು, ಇಲ್ಲವೇ ಕ್ವಾರ್ಟರ್‌ಬ್ಯಾಕ್ ಎನ್ನುವ ಆಟಗಾರ ಅದನ್ನು ಮುಂದಿರುವ ಜೊತೆಗಾರನಿಗೆ ಎಸೆಯಬಹುದು. ಓಟ ಭದ್ರ, ಎಸೆತ ಅಪಾಯ ಎಂಬುದು ಹಿಂದಿನವರ ಸಾಮಾನ್ಯ ನಂಬಿಕೆಯಾಗಿತ್ತು. ಆದ್ದರಿಂದ ಮೊದಲು ಓಡಿ ಎದುರಾಳಿಯನ್ನು ದಣಿಸುವುದು, ಆಮೇಲೆ ಒಮ್ಮೆ ದೂರಕ್ಕೆ ಎಸೆಯುವುದು ವಾಡಿಕೆ.

ವಾಲ್ಷ್ ಈ ಲೆಕ್ಕವನ್ನು ತಲೆಕೆಳಗು ಮಾಡಿದರು. ಐದಾರು ಗಜದ ಚಿಕ್ಕ ಎಸೆತ, ಅದೂ ಮೈದಾನದ ಅಗಲವನ್ನೆಲ್ಲ ಬಳಸಿಕೊಂಡು, ಹಿಡಿಯುವವನು ಓಡುತ್ತಿರುವಾಗಲೇ ಅವನ ಎದೆಗೆ ಬಂದು ಸೇರುವಂಥ ಎಸೆತ ಓಟದಷ್ಟೇ ಭದ್ರವೆಂದೂ, ಹಿಡಿದ ಮೇಲೆ ಅವನು ಓಡುವ ಗಜಗಳೆಲ್ಲ ಲಾಭವೆಂದೂ ಅವರು ತೋರಿಸಿದರು. ಸಿಕ್ಸರ್‌ಗೆ ಕಾಯದೆ ಪ್ರತಿ ಓವರಿನಲ್ಲೂ ಒಂಟಿ, ಜೋಡಿ ರನ್ನುಗಳನ್ನು ಕದಿಯುತ್ತ ಫೀಲ್ಡರುಗಳನ್ನು ಓಡಾಡಿಸುವ ಬ್ಯಾಟಿಂಗನ್ನು ನೀವು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನೋಡಿರುತ್ತೀರಿ, ಮನೋಧರ್ಮ ಅದೇ.

ಈ ಪದ್ಧತಿ ಹುಟ್ಟಿದ್ದು ಪಶ್ಚಿಮ ಕರಾವಳಿಯಲ್ಲಿ ಅಲ್ಲವೆಂಬುದನ್ನು ಮಾವನವರಿಗೆ ತಿಳಿಸಿ. ವಾಲ್ಷ್ ಸಿನ್ಸಿನಾಟಿ ಬೆಂಗಾಲ್ಸ್ ತಂಡದಲ್ಲಿ ಸಹಾಯಕ ಕೋಚ್ ಆಗಿದ್ದಾಗ, ದೂರಕ್ಕೆ ಎಸೆಯಬಲ್ಲ ಪ್ರತಿಭಾವಂತ ಗ್ರೆಗ್ ಕುಕ್ ಭುಜದ ಗಾಯದಿಂದ ಆಟ ಬಿಡಬೇಕಾಗಿ ಬಂತು. 1970ರಲ್ಲಿ ಅವರ ಸ್ಥಾನಕ್ಕೆ ಸಿಕ್ಕ ವರ್ಜಿಲ್ ಕಾರ್ಟರ್ ಚುರುಕುಬುದ್ಧಿಯವರು, ಗುರಿಯೂ ನಿಖರ, ಆದರೆ ತೋಳಿನಲ್ಲಿ ಬಲ ಕಡಿಮೆ. ಇರುವ ಆಟಗಾರನಿಗೆ ಹೊಂದುವಂತೆ ಆಟವನ್ನು ಕತ್ತರಿಸಿ ಹೊಲಿದಾಗ ಸಿದ್ಧವಾದದ್ದು ಈ ಪದ್ಧತಿ. 1976ರಲ್ಲಿ ಸಿನ್ಸಿನಾಟಿಯವರು ಮುಖ್ಯ ಕೋಚ್ ಹುದ್ದೆಯನ್ನು ವಾಲ್ಷ್‌ಗೆ ಕೊಡದೆ ಬೇರೊಬ್ಬರಿಗೆ ಕೊಟ್ಟರು. ಮುಂದೆ ವಾಲ್ಷ್ ಸೂಪರ್ ಬೌಲಿನಲ್ಲಿ ಎರಡು ಸಲ ಸೋಲಿಸಿದ್ದು ಅದೇ ಸಿನ್ಸಿನಾಟಿಯನ್ನು ಎಂಬುದು ಕಥೆಗಾರರಿಗೆ ಇಷ್ಟವಾಗುವ ತಿರುವು.

ಇನ್ನೊಂದು ಅಭ್ಯಾಸವನ್ನೂ ಇಲ್ಲಿ ಹೇಳಬೇಕು. ಪಂದ್ಯದ ಮೊದಲ ಹದಿನೈದು ಆಟಗಳನ್ನು, ಬರಬರುತ್ತ ಇಪ್ಪತ್ತೈದನ್ನು, ವಾಲ್ಷ್ ಮುಂಚಿತವಾಗಿಯೇ ಬರೆದಿಟ್ಟು ಆಟಗಾರರಿಗೆ ಕೊಡುತ್ತಿದ್ದರು. ಗದ್ದಲದ ನಡುವೆ ಮನುಷ್ಯ ಸರಿಯಾಗಿ ಯೋಚಿಸಲಾರ, ಆದ್ದರಿಂದ ಯೋಚನೆಯನ್ನು ಹಿಂದಿನ ದಿನಗಳಲ್ಲೇ ಮುಗಿಸಿಬಿಡಬೇಕು ಎಂಬುದು ಅದರ ಹಿಂದಿನ ತಿಳಿವಳಿಕೆ. ಆ ಮೊದಲ ಆಟಗಳಿಗೆ ಎದುರಾಳಿ ಹೇಗೆ ನಿಲ್ಲುತ್ತಾನೆಂದು ನೋಡಿಕೊಂಡು ಮುಂದಿನದನ್ನು ನಿರ್ಧರಿಸುತ್ತಿದ್ದರು. ಈ ರೂಢಿ ಇಂದು ಆ ಲೀಗಿನ ಬಹುತೇಕ ತಂಡಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಉಳಿದಿದೆ. ನಮ್ಮ ದೃಷ್ಟಿಯಲ್ಲಿ ಆ ಕಾಲದ ಗೆಲುವುಗಳ ಬೇರು ಇರುವುದು ಮಾಂಟಾನಾ ಅವರ ತೋಳಿಗಿಂತ ಹೆಚ್ಚಾಗಿ ಈ ಕಾಗದದ ಮೇಲೆ.

ಪ್ರಶ್ನೆ: 1985ರ ಜನವರಿಯ ಫೈನಲ್ ಪಂದ್ಯದ ವಿಎಚ್‌ಎಸ್ ಕ್ಯಾಸೆಟ್ಟನ್ನು ನಮ್ಮಣ್ಣ ಅಮೆರಿಕದಿಂದ ತಂದಿದ್ದ. ನಮ್ಮ ಮನೆಯ ವಿಸಿಆರ್‌ನಲ್ಲಿ ಹಾಕಿದರೆ ಬಣ್ಣವಿಲ್ಲದ ಚಿತ್ರ ಮೇಲಿಂದ ಕೆಳಗೆ ಉರುಳುತ್ತಿತ್ತು. ಶಬ್ದ ಮಾತ್ರ ಕೇಳುತ್ತಿತ್ತು. ಆ ದಿನ ನಾವು ಕಾಣದೆ ಹೋದದ್ದೇನು?
— ಔಷಧಿ ಅಂಗಡಿ ಮಾಲೀಕರು, ರಾಜಾಜಿನಗರ

ಉತ್ತರ: ಕ್ಯಾಸೆಟ್ಟಿನ ತಪ್ಪಲ್ಲ, ವಿಸಿಆರ್‌ನ ತಪ್ಪೂ ಅಲ್ಲ. ಅಮೆರಿಕದ ಟಿವಿ ಎನ್‌ಟಿಎಸ್‌ಸಿ ಪದ್ಧತಿಯದು, ನಮ್ಮದು ಪಾಲ್. ಎರಡನ್ನೂ ಓದಬಲ್ಲ ಯಂತ್ರ ಆಗ ಎಷ್ಟು ಮನೆಗಳಲ್ಲಿತ್ತು? ನೀವು ಕಾಣದೆ ಹೋದದ್ದು ಬಹುಶಃ ಆ ತಂಡದ ಅತ್ಯಂತ ಸಮತೂಕದ ಪಂದ್ಯ. ಎದುರಾಳಿ ಮಯಾಮಿಯ ಡ್ಯಾನ್ ಮರೀನೊ ಆ ಋತುವಿನಲ್ಲಿ 48 ಟಚ್‌ಡೌನ್ ಎಸೆತಗಳನ್ನೂ 5,084 ಗಜಗಳನ್ನೂ ದಾಖಲಿಸಿ ಬಂದಿದ್ದರು. ಅಲ್ಲಿಯವರೆಗೆ ಯಾರೂ ಅಷ್ಟನ್ನು ಮುಟ್ಟಿರಲಿಲ್ಲ. ಪತ್ರಿಕೆಗಳೆಲ್ಲ ಮರೀನೊ ಅವರನ್ನೇ ಬರೆದವು. ಮೊದಲ ಕಾಲುಭಾಗದ ಕೊನೆಗೆ ಮಯಾಮಿ 10-7ರಿಂದ ಮುಂದಿತ್ತು ಕೂಡ. ಆಮೇಲೆ ಫಾರ್ಟಿನೈನರ್ಸ್ ಎರಡನೆಯ ಕಾಲುಭಾಗವೊಂದರಲ್ಲೇ ಮೂರು ಟಚ್‌ಡೌನ್ ಗಳಿಸಿತು. ಪಂದ್ಯ 38-16ಕ್ಕೆ ಮುಗಿಯಿತು. ಮಾಂಟಾನಾ 331 ಗಜ ಎಸೆದದ್ದು ಮಾತ್ರವಲ್ಲದೆ 59 ಗಜ ಓಡಿದರು, ರೋಜರ್ ಕ್ರೇಗ್ ಮೂರು ಟಚ್‌ಡೌನ್ ಗಳಿಸಿದರು. ಋತುವಿನ ಲೆಕ್ಕ 18 ಗೆಲುವು, ಒಂದು ಸೋಲು. ಈಗ ಆ ಪಂದ್ಯದ ದೃಶ್ಯಗಳು ಅಂತರ್ಜಾಲದಲ್ಲಿ ಬಣ್ಣಸಹಿತ ಸಿಗುತ್ತವೆ. ಅಣ್ಣನವರನ್ನೂ ಜೊತೆಗೆ ಕೂರಿಸಿಕೊಂಡು ನೋಡಿ.

ಪ್ರಶ್ನೆ: ವಾಲ್ಷ್ ಒಮ್ಮೆ ಹೋಟೆಲಿನ ಸಾಮಾನು ಹೊರುವವರ ವೇಷ ಹಾಕಿದ್ದರಂತೆ, ನಿಜವೇ?
— ಹನುಮಂತನಗರ

ಉತ್ತರ: ನಿಜ. 1982ರ ಸೂಪರ್ ಬೌಲಿಗೆಂದು ತಂಡ ಡೆಟ್ರಾಯಿಟ್ ಸಮೀಪದ ಹೋಟೆಲಿಗೆ ಬಂದಿಳಿದಾಗ, ಮೊದಲೇ ಅಲ್ಲಿಗೆ ತಲುಪಿದ್ದ ವಾಲ್ಷ್ ಸಮವಸ್ತ್ರ ತೊಟ್ಟು ಆಟಗಾರರ ಬ್ಯಾಗುಗಳಿಗೆ ಕೈ ಹಾಕಿದರು. ಗುರುತು ಸಿಗದೆ ಕೆಲವರು ಬ್ಯಾಗು ಬಿಡದೆ ಎಳೆದಾಡಿದರು. ಆ ಪಂದ್ಯವನ್ನು ತಂಡ 26-21ರಿಂದ ಗೆದ್ದಿತು.

ಪ್ರಶ್ನೆ: 1989ರ ಜನವರಿಯಲ್ಲಿ ಫ್ರೀಮಾಂಟ್‌ನ ನಮ್ಮ ಮನೆಯಲ್ಲಿ ನಾಲ್ಕೈದು ಕನ್ನಡ ಕುಟುಂಬಗಳು ಸೇರಿ ಫೈನಲ್ ನೋಡಿದೆವು. ಕೊನೆಯ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಬಿಸಿಬೇಳೆಬಾತ್ ಬಡಿಸುತ್ತಿದ್ದೆ. ಗಂಡಸರ ಕೂಗಾಟವಷ್ಟೇ ನೆನಪಿದೆ. ಅದೇ ವರ್ಷ ಭೂಕಂಪವೂ ಆಯಿತು. ಆ ಕೊನೆಯ ಮೂರು ನಿಮಿಷಗಳಲ್ಲಿ ಏನು ನಡೆಯಿತೆಂದು ಒಮ್ಮೆ ಪೂರ್ತಿಯಾಗಿ ಓದುವ ಆಸೆ.
— ಗೃಹಿಣಿ, ಬನಶಂಕರಿ

ಉತ್ತರ: ನಿಮಗಾಗಿ ತುಸು ವಿಸ್ತಾರವಾಗಿಯೇ ಬರೆಯುತ್ತೇವೆ. ಮಯಾಮಿಯಲ್ಲಿ ಜನವರಿ 22ರಂದು ನಡೆದ ಆ ಪಂದ್ಯದಲ್ಲಿ ಸಿನ್ಸಿನಾಟಿ ಒಂದು ಫೀಲ್ಡ್ ಗೋಲ್ (ಚೆಂಡನ್ನು ಒದ್ದು ಪಡೆಯುವ ಮೂರು ಅಂಕ) ಹೊಡೆದು 16-13ರಿಂದ ಮುಂದಾದಾಗ ಉಳಿದಿದ್ದ ಸಮಯ 3 ನಿಮಿಷ 20 ಸೆಕೆಂಡು. ಫಾರ್ಟಿನೈನರ್ಸ್‌ಗೆ ಚೆಂಡು ಸಿಕ್ಕಿದ್ದು ತನ್ನದೇ 8ನೆಯ ಗಜದಲ್ಲಿ. ಅಂದರೆ 92 ಗಜ ದೂರ. ಆಟ ಶುರುವಾಗುವ ಮುನ್ನ ಗುಂಪಾಗಿ ನಿಂತಾಗ, ಪ್ರೇಕ್ಷಕರ ನಡುವೆ ಹಾಸ್ಯನಟ ಜಾನ್ ಕ್ಯಾಂಡಿ ನಿಂತಿರುವುದನ್ನು ಮಾಂಟಾನಾ ಜೊತೆಗಾರನಿಗೆ ತೋರಿಸಿದರೆಂಬ ಪ್ರಸಂಗವನ್ನು ಅಭಿಮಾನಿಗಳು ಸಾವಿರ ಸಲ ಹೇಳುತ್ತಾರೆ, ಅವರ ನಿಶ್ಚಿಂತೆಗೆ ಸಾಕ್ಷಿಯಾಗಿ. ಆದರೆ ಅದೇ ಮೂರು ನಿಮಿಷಗಳ ನಡುವೆ ಕೂಗಿ ಕೂಗಿ ಉಸಿರು ಕಟ್ಟಿ ಮಾಂಟಾನಾ ಅವರಿಗೆ ತಲೆ ಸುತ್ತು ಬಂತೆಂಬುದನ್ನೂ, ಆ ಹೊತ್ತಿಗೆ ಅವರು ಚೆಂಡನ್ನು ಬೇಕೆಂದೇ ಹೊರಕ್ಕೆ ಎಸೆದು ಸುಧಾರಿಸಿಕೊಂಡರೆಂಬುದನ್ನೂ ಕಡಿಮೆ ಜನ ನೆನೆಯುತ್ತಾರೆ. ನಮಗೆ ಹೆಚ್ಚು ಇಷ್ಟವಾಗುವುದು ಈ ಎರಡನೆಯ ಮಾಂಟಾನಾ.

ಮುಂದಿನ ಆಟದಲ್ಲಿ ದಂಡ ಬಿದ್ದು ತಂಡ ಹಿಂದೆ ಸರಿಯಿತು. ಎರಡನೆಯ ಪ್ರಯತ್ನದಲ್ಲಿ 20 ಗಜ ಬೇಕಾಯಿತು. ಆಗ ಜೆರ್ರಿ ರೈಸ್ ಮೈದಾನದ ನಡುವೆ ಚೆಂಡು ಹಿಡಿದು ಮೂವರ ನಡುವಿನಿಂದ ನುಸುಳಿ 27 ಗಜ ಗಳಿಸಿದರು. ಇಟ್ಟಿಗೆ ಕೆಲಸದ ತಂದೆಯ ಜೊತೆ ದುಡಿಯುತ್ತ, ಅಣ್ಣತಮ್ಮಂದಿರು ಎಸೆದ ಇಟ್ಟಿಗೆಗಳನ್ನು ಹಿಡಿದು ಹಿಡಿದು ಪಳಗಿದ ಕೈ ಅದು. ಅಂದು ಆ ಕೈ ಹಿಡಿದ ಎಸೆತಗಳು 11, ಗಜಗಳು 215. ಅಲ್ಲಿಂದ ಕ್ರೇಗ್ 8 ಗಜ ತಂದರು. ಉಳಿದ 10 ಗಜಕ್ಕೆ ಸಿನ್ಸಿನಾಟಿಯವರೆಲ್ಲ ರೈಸ್ ಮತ್ತು ಕ್ರೇಗ್ ಅವರನ್ನೇ ಕಾಯುತ್ತಿರುವಾಗ, ಅಂದು ಅದುವರೆಗೆ ಒಂದೂ ಎಸೆತ ಹಿಡಿಯದಿದ್ದ ಜಾನ್ ಟೇಲರ್‌ಗೆ ಮಾಂಟಾನಾ ಎಸೆದರು. ಕ್ರೇಗ್ ಆ ಆಟದಲ್ಲಿ ತಪ್ಪು ಬದಿಯಲ್ಲಿ ನಿಂತಿದ್ದರು, ಆದರೂ ಆಟ ಕೆಡಲಿಲ್ಲ. 34 ಸೆಕೆಂಡು ಉಳಿದಿರಲು 20-16. ನಿಮ್ಮ ಮನೆಯ ಗಂಡಸರು ಕೂಗಿದ್ದು ಆಗಲೇ. ವಾಲ್ಷ್ ಆ ಪಂದ್ಯದ ಬೆನ್ನಲ್ಲೇ ನಿವೃತ್ತರಾದರು. ಜಾರ್ಜ್ ಸೀಫರ್ಟ್ ಕೋಚ್ ಆದರು.

ಭೂಕಂಪ ಅಕ್ಟೋಬರ್ 17ರದು. ಬೇಸ್‌ಬಾಲ್ ವಿಶ್ವ ಸರಣಿಯ ಪಂದ್ಯ ಇನ್ನೇನು ಶುರುವಾಗಬೇಕೆನ್ನುವಾಗ ಕ್ಯಾಂಡಲ್‌ಸ್ಟಿಕ್ ಕ್ರೀಡಾಂಗಣವೇ ಅಲುಗಾಡಿತು. ಫುಟ್‌ಬಾಲ್ ತಂಡಕ್ಕೂ ಅದೇ ಮನೆ ಅಂಗಳವಾಗಿದ್ದರಿಂದ ಮುಂದಿನ ಪಂದ್ಯವನ್ನು ಸ್ಟ್ಯಾನ್‌ಫರ್ಡ್‌ನಲ್ಲಿ ಆಡಬೇಕಾಯಿತು. ಆ ಋತುವಿನ ನಾಕೌಟ್ ಪಂದ್ಯಗಳ ಲೆಕ್ಕ ನೋಡಿ: ಮಿನೆಸೋಟ ವಿರುದ್ಧ 41-13, ಲಾಸ್ ಏಂಜಲಿಸ್ ರ‍್ಯಾಮ್ಸ್ ವಿರುದ್ಧ 30-3, ಫೈನಲಿನಲ್ಲಿ ಡೆನ್ವರ್ ವಿರುದ್ಧ 55-10. ಸೂಪರ್ ಬೌಲಿನಲ್ಲಿ ಒಂದು ತಂಡ ಗಳಿಸಿದ ಅತಿ ಹೆಚ್ಚು ಅಂಕ ಇಂದಿಗೂ ಆ 55. ನೀವು ಆ ಫೈನಲ್ಲಿನ ಹೊತ್ತಿನಲ್ಲಿ ಅಡುಗೆಮನೆಯಲ್ಲಿದ್ದಿದ್ದರೆ ಕಳೆದುಕೊಂಡದ್ದೇನೂ ಇಲ್ಲ. ಮಧ್ಯಂತರಕ್ಕೆ ಮುಂಚೆಯೇ ಅದು ಮುಗಿದುಹೋಗಿತ್ತು.

ಪ್ರಶ್ನೆ: ಮಾಂಟಾನಾ ಹೆಚ್ಚೋ, ಸ್ಟೀವ್ ಯಂಗ್ ಹೆಚ್ಚೋ? ಮನೆಯಲ್ಲಿ ಅಣ್ಣ ತಮ್ಮಂದಿರು ಮಾತು ಬಿಡುವ ಹಂತಕ್ಕೆ ಬಂದಿದ್ದೇವೆ.
— ಬಸವನಗುಡಿ

ಉತ್ತರ: ಮಾತು ಬಿಡಬೇಡಿ. ಮಾಂಟಾನಾ ನಾಲ್ಕು ಸೂಪರ್ ಬೌಲ್ ಪಂದ್ಯಗಳಲ್ಲಿ 122 ಸಲ ಎಸೆದರು. 11 ಟಚ್‌ಡೌನ್ ಬಂದವು, ಒಂದೇ ಒಂದು ಎಸೆತವೂ ಎದುರಾಳಿಯ ಕೈಗೆ ಸಿಗಲಿಲ್ಲ. 1979ರ ಆಯ್ಕೆಯಲ್ಲಿ 81 ಆಟಗಾರರನ್ನು ಬೇರೆಯವರು ಆರಿಸಿಕೊಂಡು ಹೋದ ಮೇಲೆ, ಮೂರನೆಯ ಸುತ್ತಿನಲ್ಲಿ ಸಿಕ್ಕವರು ಅವರು. ಎಡಗೈಯವರಾದ ಯಂಗ್ ಓಟದಲ್ಲೂ ಮುಂದು, ಅಂಕಿಅಂಶಗಳಲ್ಲಿ ಹಲವು ಕಡೆ ಮಾಂಟಾನಾ ಅವರನ್ನು ಮೀರಿಸುತ್ತಾರೆ. 1995ರ ಜನವರಿಯಲ್ಲಿ ಸ್ಯಾನ್ ಡಿಯಾಗೊ ವಿರುದ್ಧ ಒಂದೇ ಫೈನಲಿನಲ್ಲಿ ಆರು ಟಚ್‌ಡೌನ್ ಎಸೆದರು. ಎರಡು ನಿಮಿಷ ಬಾಕಿ, ತಂಡ ಹಿಂದೆ ಎಂಬ ಸ್ಥಿತಿಯಲ್ಲಿ ನಮ್ಮ ಮತ ಮಾಂಟಾನಾಗೆ. ಇಡೀ ಋತುವಿಗೆ ಒಬ್ಬರನ್ನು ಆರಿಸಿ ಎಂದರೆ ಯಂಗ್ ಎನ್ನಲು ನಮಗೆ ಸಂಕೋಚವಿಲ್ಲ.

ನಿಮ್ಮ ಜಗಳದ ಮೂಲ ಮಾತ್ರ ಬೇರೆಡೆ ಇದೆ ಎಂದು ನಮ್ಮ ಊಹೆ. ಮಾಂಟಾನಾ ಇನ್ನೂ ಚೆನ್ನಾಗಿ ಆಡುತ್ತಿರುವಾಗಲೇ, ಬೆನ್ನಿನ ಶಸ್ತ್ರಚಿಕಿತ್ಸೆ ಆದ ಮರುವರ್ಷ 1987ರಲ್ಲಿ, ವಾಲ್ಷ್ ಯಂಗ್ ಅವರನ್ನು ತಂದು ಪಕ್ಕದಲ್ಲಿ ಕೂರಿಸಿದರು. 1991ರ ಜನವರಿಯಲ್ಲಿ ನ್ಯೂಯಾರ್ಕ್ ಜೈಂಟ್ಸ್ 15-13ರಿಂದ ಸೋಲಿಸಿ ಸತತ ಮೂರನೆಯ ಪ್ರಶಸ್ತಿಯ ಆಸೆಯನ್ನು ಮುರಿದ ಪಂದ್ಯದಲ್ಲಿ ಮಾಂಟಾನಾ ಪೆಟ್ಟು ತಿಂದು ಹೊರನಡೆದರು. ಆಮೇಲೆ ಮೊಣಕೈ ಗಾಯ, 1993ರಲ್ಲಿ ಕ್ಯಾನ್ಸಸ್ ಸಿಟಿಗೆ ವರ್ಗ. ರಕ್ಷಣಾ ಆಟಗಾರ ರಾನಿ ಲಾಟ್ ಮತ್ತು ಕ್ರೇಗ್ 1991ರಲ್ಲೇ ಬೇರೆ ತಂಡಕ್ಕೆ ಹೋಗಿದ್ದರು. ಒಬ್ಬ ಆಟಗಾರ ಕುಂದಿದ ಮೇಲಲ್ಲ, ಕುಂದುವ ಮುನ್ನವೇ ಅವನ ಜಾಗಕ್ಕೆ ಇನ್ನೊಬ್ಬನನ್ನು ಸಿದ್ಧಪಡಿಸಬೇಕೆಂಬುದು ವಾಲ್ಷ್ ಅವರ ಕಟ್ಟುನಿಟ್ಟು. 1983ರಿಂದ 1998ರವರೆಗೆ ಹದಿನಾರು ಋತುಗಳಲ್ಲಿ ಒಮ್ಮೆಯೂ ಹತ್ತಕ್ಕಿಂತ ಕಡಿಮೆ ಪಂದ್ಯ ಗೆಲ್ಲದ ತಂಡ ಅದರಿಂದಲೇ ಉಳಿಯಿತು. ಅಭಿಮಾನಿಗಳ ಮನಸ್ಸು ಮುರಿದದ್ದೂ ಅದರಿಂದಲೇ.

ಪ್ರಶ್ನೆ: ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಆರು ಪ್ರಶಸ್ತಿ ಗೆದ್ದ ಮೇಲೂ ನಮ್ಮ ತಂದೆ, ಚಿಕ್ಕಪ್ಪಂದಿರು ಫಾರ್ಟಿನೈನರ್ಸ್ ಜಪ ಬಿಟ್ಟಿಲ್ಲ. ಇದು ಬರೀ ಹಳೆಯ ಮಮಕಾರವಲ್ಲವೇ?
— ಸಾಫ್ಟ್‌ವೇರ್ ಉದ್ಯೋಗಿ, ಕೋರಮಂಗಲ

ಉತ್ತರ: ಸ್ವಲ್ಪ ಮಮಕಾರ ಹೌದು. ಹಣದ ಮಾತು ಬಂದರೆ ನೀವೇ ಗೆಲ್ಲುತ್ತೀರಿ. ಫಾರ್ಟಿನೈನರ್ಸ್ ಮಾಲೀಕ ಎಡ್ವರ್ಡ್ ಡಿಬಾರ್ಟೊಲೊ ಕೈ ಬಿಚ್ಚಿ ಖರ್ಚು ಮಾಡಿದ ಕಾಲದಲ್ಲಿ ಸಂಬಳಕ್ಕೆ ಮಿತಿಯೇ ಇರಲಿಲ್ಲ. ಯಂಗ್ ಅವರಂಥ ಆಟಗಾರನನ್ನು ವರ್ಷಗಟ್ಟಲೆ ಬೆಂಚಿನ ಮೇಲೆ ಕೂರಿಸಿ ಸಾಕಲು ಅದರಿಂದಲೇ ಸಾಧ್ಯವಾಯಿತು. ಪ್ರತಿ ತಂಡದ ಸಂಬಳಕ್ಕೂ ಮಿತಿ ಬಂದದ್ದು 1994ರಲ್ಲಿ. ಆ ಮಿತಿಯೊಳಗೇ 2001ರಿಂದ 2018ರ ಋತುಗಳ ನಡುವೆ ಆರು ಸಲ ಗೆದ್ದದ್ದು ಪೇಟ್ರಿಯಟ್ಸ್‌ನ ಹೆಚ್ಚುಗಾರಿಕೆ.

ತಂದೆಯವರ ಪರವಾಗಿ ಹೇಳಬೇಕಾದದ್ದೂ ಇದೆ. ಪೇಟ್ರಿಯಟ್ಸ್‌ನ ಆರೂ ಗೆಲುವುಗಳು ಒಬ್ಬನೇ ಕೋಚ್ ಬಿಲ್ ಬೆಲಿಚಿಕ್, ಒಬ್ಬನೇ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಅವರವು. ಫಾರ್ಟಿನೈನರ್ಸ್ ಕೋಚ್ ಬದಲಾದರೂ ಗೆದ್ದಿತು, ಕ್ವಾರ್ಟರ್‌ಬ್ಯಾಕ್ ಬದಲಾದರೂ ಗೆದ್ದಿತು. ಆಡಿದ ಮೊದಲ ಐದು ಫೈನಲ್‌ಗಳಲ್ಲಿ ಒಂದನ್ನೂ ಸೋಲಲಿಲ್ಲ. 1995-96ರಿಂದ 1998-99ರ ನಡುವೆ ಮೂರು ರಣಜಿ ಗೆದ್ದ ಕರ್ನಾಟಕ ತಂಡವನ್ನು ನಿಮ್ಮ ಚಿಕ್ಕಪ್ಪಂದಿರು ಇದೇ ದನಿಯಲ್ಲಿ ನೆನೆಯುತ್ತಾರೆಯೇ ಎಂದು ಕೇಳಿ ನೋಡಿ; ಉತ್ತರ ನಮಗೆ ಗೊತ್ತಿದೆ. ಇನ್ನು, ನಾಲ್ಕು ವರ್ಷದ ಟಾಮ್ ಬ್ರೇಡಿ ತಂದೆತಾಯಿಯ ಜೊತೆ ಕ್ಲಾರ್ಕ್ ಚೆಂಡು ಹಿಡಿದ ಆ ಪಂದ್ಯಕ್ಕೆ ಬಂದಿದ್ದ. ನಿಮ್ಮ ನಾಯಕನೂ ಹುಟ್ಟಾ ಫಾರ್ಟಿನೈನರ್ಸ್ ಅಭಿಮಾನಿ ಎಂದು ತಂದೆಯವರು ಇನ್ನೂ ಹೇಳಿಲ್ಲದಿದ್ದರೆ, ಈ ಸಂಚಿಕೆ ಅವರ ಕೈಗೆ ಸಿಗದಂತೆ ನೋಡಿಕೊಳ್ಳಿ.

ಪ್ರಶ್ನೆ: ಮಗಳ ಬಾಣಂತನಕ್ಕೆ ಸ್ಯಾನ್ ಹೋಸೆಗೆ ಹೋಗುತ್ತಿದ್ದೇವೆ. ನಮ್ಮ ಯಜಮಾನರಿಗೆ ಕ್ಯಾಂಡಲ್‌ಸ್ಟಿಕ್ ಕ್ರೀಡಾಂಗಣವನ್ನು ಮತ್ತೊಮ್ಮೆ ನೋಡುವ ಹಂಬಲ. ಸಾಧ್ಯವೇ?
— ವಿಜಯನಗರ

ಉತ್ತರ: ಸಾಧ್ಯವಿಲ್ಲ. ಕ್ಯಾಂಡಲ್‌ಸ್ಟಿಕ್ ಅನ್ನು 2015ರಲ್ಲಿ ಕೆಡವಿದರು. ತಂಡ 2014ರಿಂದ ಸಾಂಟಾ ಕ್ಲಾರಾದ ಲಿವೈಸ್ ಕ್ರೀಡಾಂಗಣದಲ್ಲಿ ಆಡುತ್ತಿದೆ. ಮಗಳ ಮನೆಯಿಂದ ಅದು ಹತ್ತಿರವೇ. ಅಲ್ಲಿ ತಂಡದ ವಸ್ತುಸಂಗ್ರಹಾಲಯವೂ, ಎಸೆಯುತ್ತಿರುವ ಮಾಂಟಾನಾ ಮತ್ತು ಹಿಡಿಯುತ್ತಿರುವ ಕ್ಲಾರ್ಕ್ ಅವರ ಪ್ರತಿಮೆಗಳೂ ಇವೆ. ಪಂದ್ಯವಿರುವ ದಿನ ಜನಜಂಗುಳಿ ವಿಪರೀತ. ಬೇರೆ ದಿನ ಹೋಗಿ, ಹೊರಡುವ ಮುನ್ನ ತೆರೆದಿರುವ ವೇಳೆಯನ್ನು ಮಗಳಿಂದ ವಿಚಾರಿಸಿಕೊಳ್ಳಿ. ಹಳೆಯ ಕ್ರೀಡಾಂಗಣದ ಕೊಲ್ಲಿಯ ಗಾಳಿಗೆ ಹೆದರಿ ಯಜಮಾನರು ಆಗ ತೊಡುತ್ತಿದ್ದ ದಪ್ಪ ಕೋಟನ್ನು ಮಾತ್ರ ಪೆಟ್ಟಿಗೆಗೆ ಹಾಕಬೇಡಿ. ಸಾಂಟಾ ಕ್ಲಾರಾದಲ್ಲಿ ಋತುವಿನ ಆರಂಭದ ಮಧ್ಯಾಹ್ನಗಳಲ್ಲಿ ಪ್ರೇಕ್ಷಕರು ದೂರುವುದು ಬಿಸಿಲನ್ನು.